ಬುತ್ತಿಯ ಲೆಕ್ಕ

ದೂರದ ಪ್ರಯಾಣಕ್ಕೆ ಬುತ್ತಿಯನ್ನು ಕಟ್ಟುವುದು ನಮ್ಮ ಮನೆಗಳಲ್ಲಿ ಒಂದು ವಿದ್ಯೆಯೆಂದೇ ಹೇಳಬೇಕು. ಮೊದಲ ದಿನಕ್ಕೆ ಮೊಸರನ್ನ, ಮರುದಿನಕ್ಕೆ ಹುಳಿಯನ್ನ, ಆಮೇಲಿನ ದಿನಗಳಿಗೆ ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ. ನೀರಿನ ಅಂಶ ಹೆಚ್ಚಾಗಿರುವುದನ್ನು ಮೊದಲು ತಿಂದು ಮುಗಿಸಬೇಕು, ಕಡಮೆಯಾಗಿರುವುದನ್ನು ಕೊನೆಗೆ ಉಳಿಸಬೇಕು ಎಂಬ ಈ ಕ್ರಮವನ್ನು ನಮ್ಮ ಅಜ್ಜಿಯರಿಗೆ ಯಾವ ವಿಜ್ಞಾನಿಯೂ ಕಲಿಸಿಕೊಟ್ಟುದಲ್ಲ. ಅನ್ನ ಕೆಡುವುದು ನೀರಿನಿಂದ, ಗಂಟು ಭಾರವಾಗುವುದೂ ನೀರಿನಿಂದ. ಬುತ್ತಿಯ ಶಾಸ್ತ್ರವೆಲ್ಲ ಈ ಎರಡು ಮಾತುಗಳಲ್ಲಿ ಅಡಗಿದೆ.

ಈ ಶಾಸ್ತ್ರವನ್ನು ನಾನು ಮತ್ತೆ ಓದಬೇಕಾದ ಪ್ರಸಂಗವೊಂದು ಒದಗಿತು. ನನ್ನ ಸೋದರಸೊಸೆ, ಕಾಲೇಜಿನಲ್ಲಿ ಓದುತ್ತಿರುವವಳು, ಮೂವರು ಗೆಳತಿಯರೊಡನೆ ಹಿಮಾಲಯಕ್ಕೆ ಹೊರಟಳು. ಕುಲ್ಲು ಕಣಿವೆಯಿಂದ ಲಾಹೌಲಿಗೆ ದಾಟುವ ಹಂಪ್ತಾ ಘಟ್ಟ. ಎತ್ತರ ಸುಮಾರು 4270 ಮೀಟರು. ಐದು ದಿನದ ನಡಿಗೆ. ದಾರಿ ತೋರಲು ಊರವನೊಬ್ಬನನ್ನು ಗೊತ್ತುಮಾಡಿದ್ದರೇ ಹೊರತು, ಅಡಿಗೆಯವನಿಲ್ಲ, ಕುದುರೆಗಳಿಲ್ಲ. ಅವರವರ ಊಟ ಅವರವರ ಬೆನ್ನಿನ ಮೇಲೆ. ಗೆಳತಿಯರು ಪೇಟೆಯಿಂದ ಹೊಸ ಬಗೆಯ ಪೊಟ್ಟಣಗಳನ್ನು ಕೊಂಡು ತಂದಿದ್ದರು. ಬಿಸಿನೀರನ್ನು ಹೊಯ್ದು ಸ್ವಲ್ಪ ಹೊತ್ತು ಮುಚ್ಚಿಟ್ಟರೆ ಅನ್ನ, ದಾಲು, ಪಲ್ಯ ಸಿದ್ಧ. ಬೆಲೆ ಮಾತ್ರ ಒಂದಕ್ಕೆ ಮುನ್ನೂರು ರೂಪಾಯಿ. ನಮ್ಮ ಹುಡುಗಿಗೆ ತಂದೆಯಿಲ್ಲ; ಮಕ್ಕಳಿಗೆ ಮನೆಪಾಠ ಹೇಳಿ ಕೂಡಿಟ್ಟ ಹಣವೇ ಅವಳ ಬಂಡವಾಳ. ನನ್ನ ತಂಗಿ ಬಂದು, “ಅಣ್ಣಾ, ದುಡ್ಡು ಉಳಿಸುತ್ತೇನೆಂದು ಆ ಚಳಿಯಲ್ಲಿ ಇವಳು ಹಸಿದು ಮಲಗಬಾರದು, ನೀನೇ ಏನಾದರೂ ಹೇಳು” ಎಂದಳು. ಹುಡುಗಿಯ ಚಿಂತೆಯೇ ಬೇರೆ. “ಮಾವ, ಎಲ್ಲರೂ ಪೊಟ್ಟಣ ಒಡೆಯುವಾಗ ನಾನೊಬ್ಬಳು ಹುರಿಹಿಟ್ಟು ಕಲಸುತ್ತ ಕೂಡುವುದೇ?” ಎಂದಳು. ತಾಯಿಗೆ ಹಸಿವಿನ ಭಯ, ಮಗಳಿಗೆ ಮರ್ಯಾದೆಯ ಭಯ. ಎರಡನ್ನೂ ಹಗುರವಾಗಿ ಕಾಣುವಂತಿರಲಿಲ್ಲ.

ಅಂಗಡಿಯವರು ‘ಫ್ರೀಜ್ ಡ್ರೈಡ್’ ಎಂದು ಕರೆಯುವ ಈ ಆಹಾರದ ಮರ್ಮವನ್ನು ತಿಳಿಯಬೇಕಾದರೆ ದೇವರ ಮನೆಯ ಕರ್ಪೂರದ ಡಬ್ಬಿಯನ್ನು ನೆನೆದರೆ ಸಾಕು. ಕರ್ಪೂರವು ಕರಗಿ ನೀರಾಗುವುದಿಲ್ಲ. ಗಟ್ಟಿಯಾಗಿದ್ದುದು ನೇರವಾಗಿ ಆವಿಯಾಗಿ ಕಾಣೆಯಾಗುತ್ತದೆ. ಅದಕ್ಕಾಗಿಯೇ ಹಿರಿಯರು ಡಬ್ಬಿಯಲ್ಲಿ ನಾಲ್ಕು ಮೆಣಸಿನ ಕಾಳುಗಳನ್ನು ಹಾಕಿಡುತ್ತಿದ್ದರು. ಮಂಜುಗಡ್ಡೆಯನ್ನೂ ಹೀಗೆ ಮಾಯಮಾಡಬಹುದು. ಸುತ್ತಲಿನ ಒತ್ತಡವನ್ನು ನಮ್ಮ ಸಾಮಾನ್ಯ ವಾಯುವಿನ ಒತ್ತಡದ ನೂರರಲ್ಲೊಂದು ಪಾಲಿಗಿಂತಲೂ ಕೆಳಕ್ಕಿಳಿಸಿದರೆ ಹಿಮವು ನೀರಾಗದೆಯೇ ಆವಿಯಾಗುತ್ತದೆ. ಬೆಂದ ಅಡಿಗೆಯನ್ನು ಹೆಪ್ಪುಗಟ್ಟಿಸಿ, ಗಾಳಿ ತೆಗೆದ ಪೆಟ್ಟಿಗೆಯಲ್ಲಿಟ್ಟು, ಬಲು ಮೆಲ್ಲನೆ ಶಾಖ ಕೊಟ್ಟರೆ ನೀರೆಲ್ಲ ಹೊರಟುಹೋಗಿ ಪದಾರ್ಥದ ಆಕಾರವು ಹಾಗೆಯೇ ಉಳಿಯುತ್ತದೆ. ಬಿಸಿಲಿನಲ್ಲಿ ಒಣಗಿದ ಬಾಳಕದಂತೆ ಅದು ಸುಕ್ಕುಗಟ್ಟುವುದಿಲ್ಲ. ಒಳಗೆಲ್ಲ ಸಣ್ಣ ಸಣ್ಣ ರಂಧ್ರಗಳಿರುವುದರಿಂದ ನೀರು ಬಿದ್ದೊಡನೆ ಹೀರಿಕೊಂಡು ಮೊದಲಿನಂತಾಗುತ್ತದೆ. ಆದರೆ ಈ ಕೆಲಸಕ್ಕೆ ಒಂದು ಹಗಲು ಒಂದು ರಾತ್ರಿಯಾದರೂ ಬೇಕು. ಯಂತ್ರವೂ ದುಬಾರಿ, ವಿದ್ಯುತ್ತಿನ ವೆಚ್ಚವೂ ಹೆಚ್ಚು. ಬೆಲೆಯೇರಲು ಮುಖ್ಯ ಕಾರಣ ಇದು.

ಉಪಾಯವೇನೂ ಹೊಸದಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಜನರು ಆಲೂಗಡ್ಡೆಯನ್ನು ರಾತ್ರಿಯ ಹಿಮದಲ್ಲಿ ಹರಡಿ, ಹಗಲು ತುಳಿದು ನೀರನ್ನು ಹಿಂಡಿ, ಬಿಸಿಲಿಗೆ ಒಣಗಿಸಿ, ‘ಚುನ್ಯೊ’ ಎಂಬ ಹೆಸರಿನಿಂದ ವರ್ಷಗಟ್ಟಲೆ ಕೂಡಿಡುವುದು ಇಂಕಾ ಅರಸರ ಕಾಲಕ್ಕಿಂತಲೂ ಹಿಂದಿನಿಂದ ಬಂದ ಪದ್ಧತಿ. ಎರಡನೆಯ ಮಹಾಯುದ್ಧದಲ್ಲಿ ಗಾಯಾಳುಗಳಿಗಾಗಿ ರಕ್ತದ್ರವವನ್ನು ಈ ರೀತಿಯಲ್ಲಿ ಒಣಗಿಸಿ ರಣರಂಗಕ್ಕೆ ಸಾಗಿಸಿದರು. ನಮ್ಮ ಮೈಸೂರಿಗೂ ಇಂಥ ವಿದ್ಯೆಗೂ ನಂಟುಂಟು. ಸೈನಿಕರಿಗೆ ಬಹುಕಾಲ ಕೆಡದ, ಹಗುರವಾದ ಆಹಾರವನ್ನು ರೂಪಿಸಲೆಂದು ಅಲ್ಲಿ 1961ರಲ್ಲಿ ರಕ್ಷಣಾ ಆಹಾರ ಸಂಶೋಧನಾಲಯವು ಸ್ಥಾಪಿತವಾಯಿತು. 1984ರಲ್ಲಿ ರಾಕೇಶ ಶರ್ಮರು ಅಂತರಿಕ್ಷಕ್ಕೆ ಹೋದಾಗ ಅವರಿಗೆ ಭಾರತದ ತಿಂಡಿಗಳನ್ನು ಸಿದ್ಧಪಡಿಸಿಕೊಟ್ಟುದು ಇದೇ ಸಂಸ್ಥೆ.

ಇಷ್ಟನ್ನು ತಿಳಿದ ಮೇಲೆ ಹುಡುಗಿಯನ್ನು ಕರೆದುಕೊಂಡು ಅಂಗಡಿಗೆ ಹೋದೆ. ಅಲ್ಲಿ ಮೂರು ಜಾತಿಯ ಪೊಟ್ಟಣಗಳಿದ್ದುವು. ಮೊದಲನೆಯದು ಬೇಯಿಸಿದ ಅಡಿಗೆಯನ್ನು ನೀರಿನಂಶದೊಡನೆಯೇ ಭದ್ರಪಡಿಸಿದ್ದು. ಒಲೆಯಿಲ್ಲದೆಯೂ ತಿನ್ನಬಹುದು, ಆದರೆ ಮುನ್ನೂರು ಗ್ರಾಮಿನಷ್ಟು ತೂಗುತ್ತದೆ. ಎರಡನೆಯದು ಬಿಸಿಗಾಳಿಯಲ್ಲಿ ಒಣಗಿಸಿದ ಉಪ್ಪಿಟ್ಟು, ಅವಲಕ್ಕಿ ಮೊದಲಾದುವು, ಅಗ್ಗ. ಮೂರನೆಯದೇ ನಾವು ಹುಡುಕಿ ಹೋದದ್ದು. ಪೊಟ್ಟಣದ ಮುಖದಲ್ಲಿರುವ ಚಿತ್ರವನ್ನು ನೋಡದೆ ಬೆನ್ನಿನ ಮೇಲಿನ ಸಣ್ಣಕ್ಷರವನ್ನು ಓದಬೇಕೆಂದು ಅವಳಿಗೆ ಹೇಳಿದೆ. ಅಲ್ಲಿಯೂ ಎಚ್ಚರ ಬೇಕು. ಶಕ್ತಿಯ ಲೆಕ್ಕವನ್ನು ಕೆಲವರು ನೂರು ಗ್ರಾಮಿಗೆ ಕೊಡುತ್ತಾರೆ, ಕೆಲವರು ಪೊಟ್ಟಣಕ್ಕೆ ಕೊಡುತ್ತಾರೆ. ‘ಇಬ್ಬರಿಗೆ ಸಾಕು’ ಎಂದು ಬರೆದುದು ನಡೆದು ಬಂದ ಒಬ್ಬರಿಗೂ ಸಾಲದು. ನೀರು ಬೆರೆಸಿದ ಮೇಲಿನ ತೂಕವನ್ನು ದಪ್ಪಕ್ಷರದಲ್ಲಿ ತೋರಿಸಿ ಒಣತೂಕವನ್ನು ಮೂಲೆಗೆ ಒತ್ತಿರುವುದೂ ಉಂಟು. ಆದುದರಿಂದ ನೂರು ಕ್ಯಾಲೊರಿಗೆ ಎಷ್ಟು ರೂಪಾಯಿ ಎಂಬ ಒಂದೇ ಅಳತೆಗೋಲನ್ನು ಹಿಡಿದೆವು. ಮುನ್ನೂರು ರೂಪಾಯಿನ ಪೊಟ್ಟಣದಲ್ಲಿ ನೂರು ಗ್ರಾಮು, 420 ಕ್ಯಾಲೊರಿ: ನೂರು ಕ್ಯಾಲೊರಿಗೆ ಎಪ್ಪತ್ತೊಂದು ರೂಪಾಯಿ ಬಿತ್ತು. ತೊಂಬತ್ತು ರೂಪಾಯಿನ ಉಪ್ಪಿಟ್ಟಿನಲ್ಲಿ ಎಪ್ಪತ್ತು ಗ್ರಾಮು, 280 ಕ್ಯಾಲೊರಿ: ಮೂವತ್ತೆರಡು ರೂಪಾಯಿ. ಪಕ್ಕದ ಅಂಗಡಿಯ ಕಡಲೆಕಾಯಿ ಚಿಕ್ಕಿಯಲ್ಲಿ ಆರೇ ರೂಪಾಯಿ.

ಹಣದ ಲೆಕ್ಕ ಮುಗಿದ ಮೇಲೆ ತೂಕದ ಲೆಕ್ಕ ಮಾಡಿದೆವು. ವಿಷಯದ ತಿರುಳಿದ್ದುದು ಇಲ್ಲಿ. ಬೆಟ್ಟ ಹತ್ತುವವರಿಗೆ ದಿನಕ್ಕೆ ಎರಡೂವರೆ ಸಾವಿರ ಕ್ಯಾಲೊರಿಯಾದರೂ ಬೇಕು. ಎಲ್ಲವನ್ನೂ ದುಬಾರಿಯ ಪೊಟ್ಟಣದಿಂದಲೇ ಪಡೆಯುವುದಾದರೆ ದಿನಕ್ಕೆ ಆರು ಪೊಟ್ಟಣ, ಆರು ನೂರು ಗ್ರಾಮು, ಸಾವಿರದ ಎಂಟು ನೂರು ರೂಪಾಯಿ. ಚಿಕ್ಕಿ, ಹುರಿಹಿಟ್ಟು, ಹುರಿಗಡಲೆ, ತುಪ್ಪ ಇವುಗಳನ್ನು ಹದವಾಗಿ ಕೂಡಿಸಿಕೊಂಡರೆ ಅಷ್ಟೇ ಶಕ್ತಿಗೆ ತೂಕವು ಆರು ನೂರು ಗ್ರಾಮಿಗಿಂತ ಹೆಚ್ಚಾಗುವುದಿಲ್ಲ! ಕಾರಣ ಸ್ಪಷ್ಟವಾಗಿದೆ. ಆ ಯಂತ್ರವು ತೆಗೆಯುವುದು ನೀರನ್ನು ಮಾತ್ರ; ನಮ್ಮ ಹುರಿಹಿಟ್ಟಿನಲ್ಲಿ ತೆಗೆಯುವಷ್ಟು ನೀರೇ ಇಲ್ಲ. ಇಲ್ಲದ ನೀರನ್ನು ತೆಗೆಸಲು ಹಣ ತೆರುವುದೇಕೆ? ಬೇಳೆ, ರಾಜ್ಮಾ, ತರಕಾರಿ ಇವುಗಳ ಮಾತು ಬೇರೆ. ನಾಲ್ಕು ಸಾವಿರ ಮೀಟರಿನ ಮೇಲೆ ನೀರು ಸುಮಾರು 87 ಡಿಗ್ರಿಗೇ ಕುದಿದುಬಿಡುವುದರಿಂದ ಹಸಿಯ ಬೇಳೆ ಬೇಗ ಬೇಯದು; ಕುಕ್ಕರನ್ನು ಹೊತ್ತು ನಡೆಯುವುದೂ ಆಗದು. ಅಲ್ಲಿ ಆ ಪೊಟ್ಟಣವು ತನ್ನ ಬೆಲೆಗೆ ತಕ್ಕ ಉಪಕಾರವನ್ನು ಮಾಡುತ್ತದೆ.

ಹೀಗಾಗಿ ಒಂದು ರಾಜಿ ಏರ್ಪಟ್ಟಿತು. ರಾತ್ರಿಯ ಊಟಕ್ಕೆ ದಿನಕ್ಕೊಂದು ದುಬಾರಿಯ ಪೊಟ್ಟಣ, ಬೆಳಗ್ಗೆ ಒಂದು ಉಪ್ಪಿಟ್ಟು, ಮಿಕ್ಕುದೆಲ್ಲ ಮನೆಯದು. ಐದು ದಿನಕ್ಕೆ ಒಂಬತ್ತು ಸಾವಿರವಾಗಬೇಕಿದ್ದುದು ಎರಡು ಸಾವಿರದ ಏಳು ನೂರಕ್ಕೆ ಇಳಿಯಿತು. ಗೆಳತಿಯರೆದುರು ಒಡೆಯಲು ಪೊಟ್ಟಣವೂ ಇತ್ತು! ಹೊರಡುವ ಮುನ್ನ ಎಲ್ಲ ಬಗೆಯಲ್ಲಿ ಒಂದೊಂದನ್ನು ಮನೆಯಲ್ಲಿಯೇ ಪರೀಕ್ಷಿಸಿದೆವು. ಕುದಿದ ನೀರನ್ನು ಸ್ವಲ್ಪ ಆರಿಸಿ, ಬೆಟ್ಟದ ಮೇಲಿನ ಬಿಸಿಗೆ ತಂದು ಹೊಯ್ದು ನೋಡಿದಾಗ, ಪೊಟ್ಟಣದ ಮೇಲೆ ಬರೆದಿದ್ದ ಹೊತ್ತು ಸಾಲದೆಂದೂ ಇನ್ನೂ ಅರ್ಧದಷ್ಟು ಕಾಯಬೇಕೆಂದೂ ಗೊತ್ತಾಯಿತು. ಎತ್ತರದಲ್ಲಿ ಹಸಿವೇ ಅಡಗುವುದರಿಂದ, ಬಾಯಿಗೆ ಸೇರದ್ದು ಎಷ್ಟು ಪುಷ್ಟಿಕರವಾಗಿದ್ದರೂ ಹೊರೆಯೇ ಎಂದು ಒಂದು ಬಗೆಯನ್ನು ಬಿಟ್ಟೆವು. ನನ್ನ ತಂಗಿ ಗೊಜ್ಜವಲಕ್ಕಿಯ ಪುಡಿಯನ್ನು ಎರಡು ಚೀಲ ಹೆಚ್ಚಾಗಿಯೇ ಕಟ್ಟಿದಳು. ಕೊಬ್ಬರಿ ಕಮಟಾದೀತೆಂದು ಹಾಕಲಿಲ್ಲ. ಕೃಷ್ಣನ ಬಳಿಗೆ ಹೊರಟ ಕುಚೇಲನ ಹೆಂಡತಿ ಅವಲಕ್ಕಿಯನ್ನೇ ಏಕೆ ಕಟ್ಟಿಕೊಟ್ಟಳೆಂಬುದು ನನಗೆ ಆಗ ಹೊಳೆಯಿತು: ಬಡತನ ಒಂದು ಕಾರಣ, ಬುದ್ಧಿವಂತಿಕೆ ಇನ್ನೊಂದು.

ಮೂರನೆಯ ರಾತ್ರಿ, ಘಟ್ಟದ ಕೆಳಗೆ, ಆಲಿಕಲ್ಲಿನ ಮಳೆ ಗಾಳಿಗಳಲ್ಲಿ ಒಲೆ ಹತ್ತಲಿಲ್ಲವಂತೆ. ಬಿಸಿನೀರಿಲ್ಲದ ಮೇಲೆ ಮುನ್ನೂರು ರೂಪಾಯಿನ ದಾಲು ತಣ್ಣೀರಿನಲ್ಲಿ ಎಷ್ಟು ಹೊತ್ತು ನೆನೆದರೂ ಗಂಟಲಿಗಿಳಿಯಲಿಲ್ಲ. ಆಗ ನಾಲ್ವರೂ ಗುಡಾರದೊಳಗೆ ಕುಳಿತು ಗೊಜ್ಜವಲಕ್ಕಿಯನ್ನು ತಣ್ಣೀರಿನಲ್ಲಿ ನೆನೆಸಿ, ಬೆಲ್ಲದ ಚೂರುಗಳನ್ನು ಕಚ್ಚಿಕೊಂಡು, ಹೊಟ್ಟೆತುಂಬ ತಿಂದು ಮಲಗಿದರು. ಮರುದಿನ ಸಂಜೆ ಕಣಿವೆಗಿಳಿದು ಒಲೆ ಹೊತ್ತಿದಾಗ, ಗೆಳತಿಯರು ತಮ್ಮ ಪೊಟ್ಟಣದ ಬಿಸಿ ಪಲಾವನ್ನು ಇವಳಿಗೆ ಬಡಿಸಿದರಂತೆ. ಖಾಲಿ ಪೊಟ್ಟಣಗಳನ್ನೆಲ್ಲ ಒಂದು ಚೀಲದಲ್ಲಿ ತುಂಬಿ ಕೆಳಕ್ಕೆ ಹೊತ್ತು ತಂದರೆಂದು ಕೇಳಿ ನನಗೆ ಇನ್ನಷ್ಟು ಸಂತೋಷವಾಯಿತು. ಆ ಪೊಟ್ಟಣಗಳನ್ನು ಹಿಮಾಲಯವು ಜೀರ್ಣಿಸಿಕೊಳ್ಳಲಾರದು.

ಒಡೆಯದ ಒಂದು ಪೊಟ್ಟಣವು ಮನೆಗೆ ಹಿಂದಿರುಗಿತು. ನನ್ನ ತಂಗಿ ಅದಕ್ಕೆ ಬಿಸಿನೀರು ಹೊಯ್ದು, ಮುಚ್ಚಿಟ್ಟು, ಮಗಳು ನಡೆದ ದಾರಿಯನ್ನೆಲ್ಲ ಅವಳ ಬಾಯಿಂದ ಕೇಳುತ್ತ ಕೂತಳು. ಅನಂತರ ಒಂದು ತುತ್ತನ್ನು ಬಾಯಿಗಿಟ್ಟುಕೊಂಡು, “ಪರವಾಗಿಲ್ಲ, ಉಪ್ಪು ಸ್ವಲ್ಪ ಮುಂದಾಗಿದೆ” ಎಂದಳು.