ಸರ್ಕಾರಿ ವಕೀಲೆಗೂ ಒಂದು ಮನೆಯಿತ್ತು

ನಮ್ಮ ಸಿನಿಮಾಗಳ ಸರ್ಕಾರಿ ವಕೀಲನಿಗೆ ಮನೆಯಿರುವುದಿಲ್ಲ. ಕರಿಕೋಟು ತೊಟ್ಟು ಬರುತ್ತಾನೆ, ಬೆರಳು ಚಾಚಿ ಗುಡುಗುತ್ತಾನೆ, ಕೊನೆಗೆ ನಾಯಕನ ವಕೀಲನೆದುರು ಸೋತು ಕುಳಿತುಬಿಡುತ್ತಾನೆ. ಮಧ್ಯಾಹ್ನ ಅವನು ಉಂಡನೇ, ರಾತ್ರಿ ಅವನಿಗೆ ನಿದ್ದೆ ಬಂತೇ ಎಂದು ಯಾರೂ ಕೇಳುವುದಿಲ್ಲ. ಕತೆ ಬರೆಯುವ ನನ್ನನ್ನು ಈ ಖಾಲಿ ಜಾಗ ಆಗಾಗ ಕಾಡಿದ್ದುಂಟು. ಅಲ್ಲೊಬ್ಬ ಮನುಷ್ಯಳನ್ನು ಕೂರಿಸುವ ಪ್ರಯತ್ನವೊಂದು ಅಮೆರಿಕದ ಟಿ.ವಿ.ಯಲ್ಲಿ ನಡೆದಿತ್ತು. ಆದರೆ ಅದಕ್ಕೆ ಆಯುಷ್ಯ ಕಡಿಮೆಯಿತ್ತು.

ಅದರ ಹೆಸರು ‘ಫೋಲಿ ಸ್ಕ್ವೇರ್’. ಸಿ.ಬಿ.ಎಸ್. ವಾಹಿನಿಯಲ್ಲಿ 1985ರ ಡಿಸೆಂಬರಿನಲ್ಲಿ ಶುರುವಾದ ಈ ಅರ್ಧ ಗಂಟೆಯ ಹಾಸ್ಯ ಧಾರಾವಾಹಿ 1986ರಲ್ಲಿ 14 ಕಂತುಗಳಿಗೇ ಮುಗಿದುಹೋಯಿತು. ನಾಯಕಿ ಅಲೆಕ್ಸ್ ಹ್ಯಾರಿಗನ್ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಸಹಾಯಕ ಸರ್ಕಾರಿ ವಕೀಲೆ. ಮಾರ್ಗರೆಟ್ ಕಾಲಿನ್ ಆ ಪಾತ್ರ ಮಾಡಿದ್ದರು. ಆಕೆಯ ಮೇಲಧಿಕಾರಿಯಾಗಿ ಹೆಕ್ಟರ್ ಎಲಿಝಾಂಡೊ ನಟಿಸಿದ್ದರು. ಹಗಲು ಕೋರ್ಟಿನ ಕಡತ, ಸಂಜೆ ಒಂಟಿ ಹೆಣ್ಣಿನ ಬದುಕು. ಎರಡರ ನಡುವೆ ಸಿಕ್ಕಿಕೊಂಡವಳ ಪೇಚಾಟವೇ ಅಲ್ಲಿನ ನಗು.

ಇದನ್ನು ರೂಪಿಸಿದವರು ಡಯೇನ್ ಇಂಗ್ಲಿಷ್ ಎಂಬ ಲೇಖಕಿ. ಇದೇ ಲೇಖಕಿ 1988ರಲ್ಲಿ ‘ಮರ್ಫಿ ಬ್ರೌನ್’ ಸೃಷ್ಟಿಸಿದರು. ಅದು ಹತ್ತು ವರ್ಷ ನಡೆಯಿತು. ಅದರ ನಾಯಕಿ ಮದುವೆಯಿಲ್ಲದೆ ತಾಯಿಯಾದಳೆಂದು 1992ರಲ್ಲಿ ಅಮೆರಿಕದ ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಭಾಷಣದಲ್ಲೇ ಆಕ್ಷೇಪಿಸಿದರು. ದುಡಿಯುವ ಒಂಟಿ ಹೆಣ್ಣನ್ನು ನಗುನಗುತ್ತಲೇ ಗಂಭೀರವಾಗಿ ನೋಡುವ ಕಣ್ಣು ಅಲೆಕ್ಸ್‌ಳ ಕಾಲಕ್ಕೇ ತೆರೆದಿತ್ತು.

ಅದೇ ಕಾಲದಲ್ಲಿ ನ್ಯೂಯಾರ್ಕಿನ ಕೋರ್ಟನ್ನೇ ಹಾಸ್ಯಕ್ಕೆ ಹಿಡಿದ ಇನ್ನೊಂದು ಧಾರಾವಾಹಿಯಿತ್ತು: ‘ನೈಟ್ ಕೋರ್ಟ್’. 1984ರಿಂದ 1992ರವರೆಗೆ ನಡೆದ ಅದರಲ್ಲಿಯೂ ಒಬ್ಬ ಸರ್ಕಾರಿ ವಕೀಲನಿದ್ದ. ಆದರೆ ಹೆಣ್ಣಿನ ಹಿಂದೆ ಬಿದ್ದ ಬಡಾಯಿಗಾರನಾಗಿ. ಅವನನ್ನು ನೋಡಿ ನಗಬಹುದು. ಅಲೆಕ್ಸ್‌ಳ ಜೊತೆಗೆ ನಗಬೇಕಿತ್ತು. ಈ ಎರಡು ನಗುವಿಗೆ ವ್ಯತ್ಯಾಸವಿದೆ.

ಕನ್ನಡದ ಕೋರ್ಟಿನ ಮಾತಿಗೆ ಕಿವಿಗೊಡಿ: ವಕೀಲ, ವಕಾಲತ್ತು, ಫಿರ್ಯಾದಿ, ಜಾಮೀನು, ಖುಲಾಸೆ. ಎಲ್ಲವೂ ಅರಬಿ, ಪಾರಸಿಯಿಂದ ನಡೆದು ಬಂದವು. ಉರ್ದು ಓದಿದ ಮಕ್ಕಳಿಗೆ ‘ವಕೀಲ್’ ಎಂಬ ಮಾತು ಕೋರ್ಟಿಗಿಂತ ಮೊದಲು ದುವಾದಲ್ಲಿ ಸಿಗುತ್ತದೆ. ಅದು ಅಲ್ಲಾಹನ ಹೆಸರುಗಳಲ್ಲೊಂದು. ಯಾರಿಗೆ ನಮ್ಮ ಹೊಣೆಯನ್ನು ಒಪ್ಪಿಸಿ ನಿಶ್ಚಿಂತರಾಗುತ್ತೇವೋ ಅವನು ವಕೀಲ್. ಹಾಗಾದರೆ ಸರ್ಕಾರಿ ವಕೀಲ ಯಾರ ಹೊಣೆ ಹೊತ್ತವನು? ಸರ್ಕಾರದ್ದೇ, ಅಥವಾ ಸತ್ತವನ ತಾಯಿಯದ್ದೇ?

ಮ್ಯಾನ್‌ಹಟನ್‌ನಲ್ಲಿ ಈ ಕಚೇರಿಯ ಮುಖ್ಯಸ್ಥನನ್ನು ಮತದಾರರೇ ಚುನಾಯಿಸುತ್ತಾರೆ. ನಮ್ಮಲ್ಲಿ ಸರ್ಕಾರ ನೇಮಿಸುತ್ತದೆ. ಮನೆ ಸುಟ್ಟುಕೊಂಡವರು ಆತನನ್ನು ಆರಿಸಿಕೊಂಡಿರುವುದಿಲ್ಲ, ಆದರೂ ಆತನೇ ಅವರ ಬಾಯಿ. ಆ ಬಾಯಿ ಕಟ್ಟಿದರೆ ಏನಾಗುತ್ತದೆಂದು ವಡೋದರದ ಬೆಸ್ಟ್ ಬೇಕರಿ ತೋರಿಸಿತು. 2002ರ ಮಾರ್ಚ್‌ನಲ್ಲಿ ಅಲ್ಲಿ 14 ಜೀವಗಳು ಹೋದವು; 2003ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಮರುವಿಚಾರಣೆಯನ್ನು ಮಹಾರಾಷ್ಟ್ರಕ್ಕೆ ಒಯ್ಯುತ್ತಾ, ಸರ್ಕಾರಿ ವಕೀಲರು ಆರೋಪಿಗಳ ಪರವಾಗಿ ನಿಂತವರಂತೆ ನಡೆದುಕೊಂಡರೆಂದು ಹೇಳಿತು. ಹೊಸ ವಕೀಲರ ಹೆಸರು ಸೂಚಿಸಲು ನೊಂದವರಿಗೂ ಅವಕಾಶ ಕೊಟ್ಟಿತು. ಮುಂಬೈಯ ನ್ಯಾಯಾಲಯ 2006ರಲ್ಲಿ 9 ಮಂದಿಗೆ ಶಿಕ್ಷೆ ವಿಧಿಸಿತು. 2012ರಲ್ಲಿ ಹೈಕೋರ್ಟು ಅವರಲ್ಲಿ 4 ಮಂದಿಯ ಶಿಕ್ಷೆಯನ್ನು ಉಳಿಸಿ, 5 ಮಂದಿಯನ್ನು ಬಿಟ್ಟಿತು.

ಇಂಥ ಸಂಕಟದ ಮುಂದೆ ಒಂದು ಹಾಸ್ಯ ಧಾರಾವಾಹಿಯ ಮಾತೇಕೆ ಎನ್ನಬಹುದು. ಸರ್ಕಾರಿ ವಕೀಲರನ್ನು ನಾವು ಬರಿಯ ಕುರ್ಚಿಯೆಂದು ತಿಳಿದಿರುವವರೆಗೆ ಅವರಿಂದ ಉತ್ತರ ಕೇಳುವುದೂ ನಮಗೆ ಹೊಳೆಯುವುದಿಲ್ಲ. ಕುರ್ಚಿಗೆ ನಾಚಿಕೆಯಾಗುವುದಿಲ್ಲ, ಮನುಷ್ಯರಿಗೆ ಆಗುತ್ತದೆ. ಮನೆಗೆ ಹೋಗಿ ಕನ್ನಡಿ ನೋಡಿಕೊಳ್ಳಬೇಕಾದವರಿಗೆ ಆಗುತ್ತದೆ. ಅಲೆಕ್ಸ್ ಹ್ಯಾರಿಗನ್‌ಗೆ ಮನೆಯಿತ್ತು, ಕನ್ನಡಿಯಿತ್ತು, ತನ್ನನ್ನೇ ನೋಡಿ ನಗುವ ಧೈರ್ಯವೂ ಇತ್ತು. ನಮ್ಮ ಭಾಷೆಯ ಯಾವುದಾದರೂ ಕತೆಯಲ್ಲಿ ಅಂಥವಳೊಬ್ಬಳು ಕಡತ ಹಿಡಿದು ಬರಲಿ ಎಂದು ನಾನು ಕಾಯುತ್ತಿದ್ದೇನೆ.