ಬೆಳಿಗ್ಗೆ ಹೋಗಿ ಸಂಜೆ ಬರುವ ದೂರ

ಭಾನುವಾರ ಬೆಳಿಗ್ಗೆ ಶಿರಾಲಿಯ ಹೆದ್ದಾರಿ ಬದಿಯಲ್ಲಿ ಚಹಾದ ಗ್ಲಾಸು ಹಿಡಿದು ಸ್ವಲ್ಪ ಹೊತ್ತು ನಿಂತರೆ ಒಂದು ಪ್ರಶ್ನೆ ಎದುರಾಗದೆ ಇರುವುದಿಲ್ಲ. ದೂಳು ಮೆತ್ತಿದ ವ್ಯಾನೊಂದು ನಿಧಾನಿಸುತ್ತದೆ. ಕಿಟಕಿಯಿಂದ ನಿದ್ದೆಗಣ್ಣಿನ ತಲೆಯೊಂದು ಹೊರಗೆ ಬರುತ್ತದೆ. "ಯಜಮಾನ್ರೇ, ಮುರ್ಡೇಶ್ವರ ಇನ್ನೆಷ್ಟು ದೂರ?"

ನಮ್ಮಲ್ಲಿ ಯಾರೂ ಇದಕ್ಕೆ ಕಿಲೋಮೀಟರಿನಲ್ಲಿ ಉತ್ತರ ಕೊಡುವುದಿಲ್ಲ. "ಇಲ್ಲೇ, ಹದಿನೈದು ನಿಮಿಷ" ಎನ್ನುತ್ತೇವೆ. ದೂರದ ಏಕಮಾನ ಮೀಟರ್, ಕಾಲದ ಏಕಮಾನ ಸೆಕೆಂಡ್ ಎಂದು ವರ್ಷಗಟ್ಟಲೆ ಪಾಠ ಹೇಳಿದ ನಾನೂ ಹಾಗೆಯೇ ಹೇಳುತ್ತೇನೆ. ಇದನ್ನೇ ಹುಡುಗರು ಉತ್ತರ ಪತ್ರಿಕೆಯಲ್ಲಿ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಿದ್ದೆ.

ಆದರೆ ಇದು ಅಷ್ಟೇನೂ ತಪ್ಪಲ್ಲವೆಂದು ಆಮೇಲೆ ಓದಿ ತಿಳಿಯಿತು. ಚೆಸಾರೆ ಮಾರ್ಕೆಟ್ಟಿ ಎಂಬ ಇಟಲಿಯ ಭೌತವಿಜ್ಞಾನಿ 1994ರಲ್ಲಿ ಈ ವಿಷಯವಾಗಿ ಒಂದು ಲೇಖನ ಬರೆದ. ಯಾಕೋವ್ ಝಹಾವಿ ಎಂಬ ಸಾರಿಗೆ ತಜ್ಞ ಕಲೆಹಾಕಿದ್ದ ವಿವರಗಳೇ ಅದಕ್ಕೆ ಆಧಾರ. ಮನುಷ್ಯ ಯಾವ ದೇಶದವನಾಗಿರಲಿ, ಯಾವ ಕಾಲದವನಾಗಿರಲಿ, ದಿನವೊಂದಕ್ಕೆ ಸರಾಸರಿ ಒಂದು ಗಂಟೆಯಷ್ಟು ಹೊತ್ತನ್ನು ಮಾತ್ರ ಓಡಾಟಕ್ಕೆ ಕೊಡುತ್ತಾನೆ ಎಂಬುದು ಅವನ ವಾದ. ನಡೆದು ಓಡಾಡುವ ಕಾಲದಲ್ಲಿ ಊರುಗಳು ಚಿಕ್ಕವಾಗಿದ್ದವು. ಬಸ್ಸು, ರೈಲು ಬಂದ ಮೇಲೆ ಊರುಗಳು ಹಿಗ್ಗಿದವು. ಗಂಟೆ ಮಾತ್ರ ಹಿಗ್ಗಲಿಲ್ಲ. ವೇಗ ಹೆಚ್ಚಿದಾಗ ನಾವು ಸಮಯ ಉಳಿಸುವುದಿಲ್ಲ, ಇನ್ನಷ್ಟು ದೂರ ಹೋಗುತ್ತೇವೆ.

ಇದು ದಿನನಿತ್ಯದ ಓಡಾಟದ ಲೆಕ್ಕ. ವರ್ಷಕ್ಕೊಮ್ಮೆ, ಎರಡು ಸಲ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊರಡುತ್ತಾರಲ್ಲ, ಆ ದಿನದ ಲೆಕ್ಕವೇನು? ಒಮ್ಮೆ ನಮ್ಮ ತರಗತಿಯಲ್ಲಿ ಇದನ್ನೇ ಮನೆಗೆಲಸವಾಗಿ ಕೊಟ್ಟೆ. ಬೆಳಿಗ್ಗೆ ಹೊರಟು ಅದೇ ದಿನ ಮನೆ ಸೇರಿದ ಹಾಗೆ ನೀವು ಹೋದ ಅತಿ ದೂರದ ಊರು ಯಾವುದು, ಎಷ್ಟು ಹೊತ್ತಿಗೆ ಹೊರಟಿರಿ, ಎಷ್ಟು ಹೊತ್ತಿಗೆ ಬಂದಿರಿ, ಹೇಗೆ ಹೋದಿರಿ – ಇಷ್ಟು ಬರೆದು ತನ್ನಿ ಎಂದೆ.

ಬಂದ ಊರುಗಳು ನಾನಾ ಬಗೆ. ಕಾರು ಇದ್ದ ಮನೆಯವರು ಯಾಣ, ಗೋಕರ್ಣ, ಜೋಗ ಎಂದು ಬರೆದಿದ್ದರು. ಬಸ್ಸಿನವರು ಕೊಲ್ಲೂರು, ಇಡಗುಂಜಿ. ಟೆಂಪೋದವರು ಹೊನ್ನಾವರ. ಆದರೆ ಹೊರಟ ಹೊತ್ತು, ಬಂದ ಹೊತ್ತು ನೋಡಿದರೆ ಎಲ್ಲರದೂ ಹೆಚ್ಚುಕಡಿಮೆ ಒಂದೇ. ದನದ ಕೊಟ್ಟಿಗೆ ಕೆಲಸ ಮುಗಿಸಿ ಹೊರಡಬೇಕು, ದೀಪ ಹಚ್ಚುವ ಹೊತ್ತಿಗೆ ಇಲ್ಲವೇ ಅದಾಗಿ ಒಂದು ತಾಸಿನೊಳಗೆ ಮನೆಯಲ್ಲಿರಬೇಕು. ಹೋಗುವಾಗ ಎರಡು ಎರಡೂವರೆ ಗಂಟೆ, ಬರುವಾಗಲೂ ಅಷ್ಟೇ. ಮನೆಯ ಹೆಂಗಸರು ಮಾರ್ಕೆಟ್ಟಿಯ ಹೆಸರು ಕೇಳದಿದ್ದರೂ ಅವನ ಲೆಕ್ಕವನ್ನು ಅವನಿಗಿಂತ ಚೆನ್ನಾಗಿ ಬಲ್ಲರು.

ಒಬ್ಬ ಹುಡುಗಿ ಮಾತ್ರ ಹಾಳೆಯಲ್ಲಿ ಬರೀ "ಭಟ್ಕಳ" ಎಂದು ಬರೆದು ಕೊಟ್ಟಿದ್ದಳು. ಭಟ್ಕಳವೆಂದರೆ ನಮಗೆ ಆರೇಳು ಕಿಲೋಮೀಟರ್. ಕರೆದು ಕೇಳಿದೆ. "ಅಪ್ಪ ಬೋಟಿಗೆ ಹೋಗ್ತಾರೆ ಸರ್. ಅವರಿಗೆ ರಜೆ ಇರೋದು ಮಳೆಗಾಲದಲ್ಲಿ. ಆಗ ನಮಗೆ ಶಾಲೆ."

ಅವಳ ಮಾತಿಗೆ ಮತ್ತೆ ಬರುತ್ತೇನೆ.

ನನ್ನ ಅಜ್ಜಿಯ ಕಾಲದಲ್ಲಿ ದಿನದ ತಿರುಗಾಟವೆಂದರೆ ತೇರು ಮತ್ತು ಆಟ. ಸೋಡಿಗದ್ದೆಯ ಜಾತ್ರೆ, ಶಿರಾಲಿಯ ಚಿತ್ರಾಪುರ ಮಠದ ತೇರು, ಗದ್ದೆ ಬಯಲಿನಲ್ಲಿ ಯಕ್ಷಗಾನ. ತೆಂಗಿನ ಗರಿಯ ಸೂಡಿ ಬೀಸಿಕೊಂಡು ನಡೆದು ಹೋಗುತ್ತಿದ್ದರಂತೆ. ಗಂಟೆಗೆ ಐದು ಕಿಲೋಮೀಟರಿನಂತೆ ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು ಎಷ್ಟು ನಡೆದಾರು? ಎರಡು ತಾಸು, ಎಂಟು ಹತ್ತು ಕಿಲೋಮೀಟರ್. ನಡುವೆ ಹೊಳೆ ಬಂದರೆ ದೋಣಿ ಕಾಯಬೇಕು. ಆದ್ದರಿಂದಲೇ ಇರಬೇಕು, ನಮ್ಮ ಕಡೆ ಆ ಅಂತರದೊಳಗೆ ಒಂದಾದರೂ ಜಾತ್ರೆ ಆಗದ ಊರಿಲ್ಲ. ಅಜ್ಜಿಗೆ ಗೋಕರ್ಣವೆಂದರೆ ಯಾತ್ರೆ. ನನಗೆ ಊಟ ಮುಗಿಸಿ ಹಿಂದಿರುಗುವ ಊರು. ಅವಳಿಗೆ ಹಿಡಿದಷ್ಟು ಹೊತ್ತಿನಲ್ಲೇ ನಾನು ಅವಳ ಎಂಟು ಪಟ್ಟು ದೂರ ಹೋಗಿಬರುತ್ತೇನೆ. ಅವಳ ಎಂಟು ಪಟ್ಟು ಸಂತೋಷ ಸಿಗುತ್ತದೆಯೇ ಎಂದು ಕೇಳಬೇಡಿ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು, ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿನ ಹಣವಿಲ್ಲವೆಂದಾಗ ನನಗೆ ಈ ಲೆಕ್ಕದ ಮೇಲೆ ಸ್ವಲ್ಪ ಅನುಮಾನ ಬಂತು. ಹಣದ ಅಡ್ಡಿ ಹೋದರೆ ದೂರವೂ ಬೆಳೆಯಬೇಕಲ್ಲ? ಮೊದಲ ಕೆಲವು ವಾರ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನ ಹೆಂಡತಿ ಅವಳ ಅಕ್ಕನೊಡನೆ ಆಧಾರ್ ಕಾರ್ಡ್ ಹಿಡಿದು ಕೊಲ್ಲೂರಿಗೆ, ಇಡಗುಂಜಿಗೆ, ಗೋಕರ್ಣಕ್ಕೆ ಹೋಗಿಬಂದಳು. (ಗಂಡಸರಿಗೆ ಟಿಕೇಟು ಉಂಟಾದ್ದರಿಂದ ನನ್ನನ್ನು ಕರೆಯಲಿಲ್ಲ. ಮನೆ ನೋಡಿಕೊಳ್ಳಲು ಒಬ್ಬರು ಬೇಕಲ್ಲ ಎಂದು ಸಮಾಧಾನ ಹೇಳಿದಳು.) ಆದರೆ ಹಣ ಉಳಿಯಿತೆಂದು ದಿನ ಉದ್ದವಾಗಲಿಲ್ಲ. ಸಂಜೆಯ ದೀಪಕ್ಕೆ ಅವಳು ಮನೆಯಲ್ಲಿದ್ದಳು. ಹೋಗುವ ದೂರ ಹೆಚ್ಚಲಿಲ್ಲ, ಹೋಗುವ ಸಲ ಹೆಚ್ಚಾಯಿತು.

ದೂರ ಬೆಳೆಯಬೇಕಾದರೆ ಸೇತುವೆ ಬೇಕು. 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾಯಿತು. ಅಲ್ಲಿಯವರೆಗೆ ಸಾಗರದಿಂದ ಸಿಗಂದೂರಿಗೆ ಹೋಗುವವರು ಲಾಂಚ್ ಕಾಯಬೇಕಿತ್ತು. ನಕ್ಷೆಯಲ್ಲಿ ಊರುಗಳು ಇದ್ದಲ್ಲಿಯೇ ಇವೆ, ಆದರೆ ಗಡಿಯಾರದಲ್ಲಿ ಅವು ಹತ್ತಿರ ಬಂದುಬಿಟ್ಟವು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದಾಗ ನಮಗೂ ಹೀಗೆಯೇ ಆಗಿತ್ತು. ಮುಂಬಯಿಯ ಸಾರಸ್ವತ ಕುಟುಂಬಗಳಿಗೆ ತಮ್ಮ ಶಿರಾಲಿಯ ಮಠ ಒಂದು ರಾತ್ರಿಯ ಪ್ರಯಾಣವಾಯಿತು.

ಇನ್ನೊಂದು ವಿಚಿತ್ರ ಗಮನಿಸಿ. ನಾವು ಕರಾವಳಿಯವರು ಬಿಡುವು ಸಿಕ್ಕಿದರೆ ಘಟ್ಟ ಹತ್ತುತ್ತೇವೆ, ಘಟ್ಟದ ಮೇಲಿನವರು ಇಳಿದು ನಮ್ಮ ಕಡಲಿಗೆ ಬರುತ್ತಾರೆ. ಗೇರುಸೊಪ್ಪೆ ಘಾಟಿಯ ತಿರುವಿನಲ್ಲಿ ಎರಡು ಬಸ್ಸು ಎದುರುಬದುರಾದರೆ ಎರಡರಲ್ಲಿಯೂ ಮಕ್ಕಳು ಕೈಬೀಸುತ್ತಾರೆ. ವಿದ್ಯುತ್ ಹರಿಯಬೇಕಾದರೆ ಎರಡು ತುದಿಗಳಲ್ಲಿ ವಿಭವಾಂತರ ಇರಬೇಕು ಎಂದು ಪಾಠ ಮಾಡುವಾಗ ನಾನು ಇದೇ ಉದಾಹರಣೆ ಕೊಡುತ್ತೇನೆ. ಮನೆಯ ಹಿಂದೆ ಇರುವುದನ್ನು ನೋಡಲು ಯಾರೂ ಬುತ್ತಿ ಕಟ್ಟುವುದಿಲ್ಲ. ಮುರ್ಡೇಶ್ವರದ 123 ಅಡಿಯ ಶಿವನನ್ನು ಹತ್ತಿರದಿಂದ ನೋಡದ ಮಕ್ಕಳು ಶಿರಾಲಿಯಲ್ಲಿ ಇದ್ದಾರೆ ಎಂದರೆ ಬೆಂಗಳೂರಿನವರು ನಂಬುವುದಿಲ್ಲ.

ಈ ವಿಭವಾಂತರ ಹೆಚ್ಚಾದಷ್ಟು ಅಪಾಯವೂ ಹೆಚ್ಚು. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ಪ್ರಾಣ ಕಳೆದುಕೊಂಡರು. ಐನೂರು ಕಿಲೋಮೀಟರಿಗೂ ಹೆಚ್ಚು ದೂರದಿಂದ ಬಂದ ಮಕ್ಕಳು. ಅಂದು ಅಲ್ಲಿ ಯಾರು ಏನು ಮಾಡಬೇಕಿತ್ತು ಎಂದು ತೀರ್ಪು ಹೇಳುವ ಯೋಗ್ಯತೆ ನನಗಿಲ್ಲ. ಇಲ್ಲವೆಂದು ಏಕೆ ಹೇಳುತ್ತೇನೆಂದರೆ, ಅಂಥದೇ ಒಂದು ಸಂಜೆ ನನ್ನ ಪಾಲಿಗೂ ಬಂದಿತ್ತು.

ಹದಿನೈದು ವರ್ಷದ ಹಿಂದಿನ ಮಾತು. ಶಾಲೆಯ ಪ್ರವಾಸ ನನ್ನ ಹೊಣೆ. ಬೆಳಿಗ್ಗೆ ಯಾಣ, ಮಧ್ಯಾಹ್ನ ಮಿರ್ಜಾನ ಕೋಟೆ, ಸಂಜೆ ಕುಮಟಾ ಕಡೆಯ ಒಂದು ಕಡಲತೀರ ಎಂದು ಪಟ್ಟಿ ಮಾಡಿದ್ದೆ. ದಾರಿಯಲ್ಲಿ ಬಸ್ಸು ಕೆಟ್ಟು ತಡವಾಯಿತು. ತೀರ ತಲುಪಿದಾಗ ಸೂರ್ಯ ಮುಳುಗುತ್ತಿದ್ದ. ಹುಡುಗರು "ಸರ್, ಹತ್ತೇ ನಿಮಿಷ" ಎಂದರು. ಬೆಳಗಿನಿಂದ ಕಾಯ್ದ ಮಕ್ಕಳು. ಹೂಂ ಎಂದೆ. ಹಾಡುವಳ್ಳಿ ಕಡೆಯ ಹುಡುಗನೊಬ್ಬ, ಅಡಿಕೆ ತೋಟದ ಕೆರೆಯಲ್ಲಿ ಈಜು ಕಲಿತವನು, ಅಲೆಯೇ ಇಲ್ಲದ ಶಾಂತವಾದ ಜಾಗ ನೋಡಿ ಅಲ್ಲಿಯೇ ಇಳಿದ. ಎರಡು ನಿಮಿಷದಲ್ಲಿ ಅವನ ತಲೆ ದಡದಿಂದ ಎಷ್ಟೋ ದೂರದಲ್ಲಿ ಕಂಡಿತು. ಬಲೆ ಸರಿಮಾಡುತ್ತಿದ್ದ ಮೀನುಗಾರರೊಬ್ಬರು ದೋಣಿ ನೂಕಿ ಎಳೆದು ತಂದರು. ಹುಡುಗ ಬದುಕಿದ. ಈಗ ಅವನಿಗೆ ಮದುವೆಯಾಗಿ ಮಗುವಿದೆ.

ಮರುದಿನ ನಾನೇ ಅವನ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಅವನ ತಾಯಿ ಬೈಯಲಿಲ್ಲ. ಆಸರಿಗೆ ಬೆಲ್ಲ, ನೀರು ತಂದಿಟ್ಟು ಒಂದೇ ಮಾತು ಕೇಳಿದರು. "ಅಷ್ಟು ಹೊತ್ತಾದ ಮೇಲೆ ನೀರಿಗೆ ಯಾಕೆ ಇಳಿಸಿದ್ರಿ ಮಾಸ್ತರ್ರೇ?" ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೊಳೆಯುತ್ತದೆ. ಅಷ್ಟು ದೂರ ಹೋಗಿದ್ದೆವು, ಅದಕ್ಕೇ ಇಳಿಸಿದೆ. ಹತ್ತಿರದ ಕಡಲಾಗಿದ್ದರೆ ನಾಳೆ ಬರೋಣ ಎನ್ನುತ್ತಿದ್ದೆ. ದೂರ ಬಂದವನಿಗೆ ನಾಳೆ ಇರುವುದಿಲ್ಲ. ನೂರು ಕಿಲೋಮೀಟರಿಗೇ ನನಗೆ ಹೀಗಾದರೆ, ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದು, ಹುಟ್ಟಿದ ಮೇಲೆ ಮೊದಲ ಸಲ ಕಡಲು ನೋಡುವ ಮಕ್ಕಳನ್ನು ತಡೆಯುವುದು ಎಷ್ಟು ಕಷ್ಟ ಎಂದು ತಂದೆತಾಯಿಯರು ಯೋಚಿಸಬೇಕು.

ಆ ಹುಡುಗ ಮೋಸಹೋದದ್ದು ಎಲ್ಲಿ ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರಲಿ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಲೇಬೇಕು. ಮರಳಿನ ದಿಬ್ಬಗಳ ನಡುವೆ ಆಳವಾದ ಓಣಿ ಇದ್ದರೆ ಅದೆಲ್ಲ ಅಲ್ಲಿಂದಲೇ ನುಗ್ಗಿ ಹೋಗುತ್ತದೆ. ಆ ಓಣಿಯಲ್ಲಿ ಅಲೆ ಒಡೆಯುವುದು ಕಡಿಮೆ; ನೀರು ಸ್ವಲ್ಪ ಕಪ್ಪಾಗಿ, ಶಾಂತವಾಗಿ ಕಾಣುತ್ತದೆ. ಹೊಸಬರಿಗೆ ಅದೇ ಸುರಕ್ಷಿತವೆಂದು ತೋರುತ್ತದೆ. ಈ ಸೆಳೆತದ ವೇಗ ಕೆಲವೊಮ್ಮೆ ಸೆಕೆಂಡಿಗೆ ಎರಡು ಮೀಟರ್ ಮೀರುತ್ತದೆ. ಒಲಿಂಪಿಕ್ಸ್ ಈಜುಗಾರನೂ ಅದರ ಎದುರು ಈಜಿ ಗೆಲ್ಲಲಾರ. ಓಣಿ ಅಗಲವಿರುವುದಿಲ್ಲ. ಸಿಕ್ಕಿಬಿದ್ದವರು ದಡದ ಕಡೆಗೆ ಈಜದೆ, ದಡಕ್ಕೆ ಸಮಾಂತರವಾಗಿ ಪಕ್ಕಕ್ಕೆ ಈಜಿ ಹೊರಗೆ ಬರಬೇಕು. ಆಗದಿದ್ದರೆ ಸುಮ್ಮನೆ ತೇಲುತ್ತ ಕೈಯೆತ್ತಿ ಕೂಗಬೇಕು. ಈಜು ಬಾರದವರು ಮೊಣಕಾಲಿನ ಮೇಲೆ ನೀರು ಬರುವಷ್ಟು ಇಳಿಯಲೇಬಾರದು. ಕಾವಲಿನವರು ಸೀಟಿ ಊದಿದರೆ ಅವರ ಮೇಲೆ ಸಿಟ್ಟಾಗಬೇಡಿ.

ಅಂದ ಹಾಗೆ ಕಡಲು ನೋಡುವುದಕ್ಕೆ ಇಳಿಯಲೇಬೇಕೆಂದಿಲ್ಲ. ದಡದಲ್ಲಿ ನಿಂತವನ ಕಣ್ಣಿಗೆ ದಿಗಂತ ಸುಮಾರು ನಾಲ್ಕೂವರೆ ಕಿಲೋಮೀಟರ್ ದೂರ, ಅಷ್ಟೇ. ಭೂಮಿ ಗುಂಡಗಿರುವುದರಿಂದ ಆಚೆಯ ನೀರು ಕಾಣುವುದಿಲ್ಲ. ಮುರ್ಡೇಶ್ವರದ ಇಪ್ಪತ್ತು ಅಂತಸ್ತಿನ ಗೋಪುರದಲ್ಲಿ 50 ಮೀಟರ್ ಎತ್ತರದ ಕಿಟಕಿಯಲ್ಲಿ ನಿಂತರೆ ಅದೇ ದಿಗಂತ 25 ಕಿಲೋಮೀಟರಿಗೆ ಸರಿಯುತ್ತದೆ. ನೇತ್ರಾಣಿ ದ್ವೀಪ ಅದರೊಳಗೇ ಬಂದುಬಿಡುತ್ತದೆ.

ಆ ಬೋಟಿನವರ ಮಗಳ ವಿಷಯ ಹೇಳುತ್ತೇನೆಂದಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಅವಳ ತಂದೆ ಮನೆಯಲ್ಲಿರುವುದು ಆಗ ಮಾತ್ರ. ಕಳೆದ ಮಳೆಗಾಲದ ಒಂದು ಭಾನುವಾರ ಅವರು ಎಲ್ಲರನ್ನೂ ಜೋಗಕ್ಕೆ ಕರೆದುಕೊಂಡು ಹೋದರಂತೆ. ನಮ್ಮಲ್ಲಿಂದ ಸುಮಾರು ತೊಂಬತ್ತು ಕಿಲೋಮೀಟರ್. ಹೋಗುವಷ್ಟರಲ್ಲಿ ಮಂಜು ಮುಚ್ಚಿತ್ತು. 253 ಮೀಟರ್ ಎತ್ತರದ ಜಲಪಾತದ ಸದ್ದು ಮಾತ್ರ ಕೇಳುತ್ತಿತ್ತು. ಒಂದು ಗಂಟೆ ಕಾದು, ಜೋಳ ತಿಂದು, ಮಂಜು ಸರಿಯದೆ ವಾಪಸು ಬಂದರು. "ಹಾಗಾದರೆ ಏನು ನೋಡಿದಿ ತಂಗಿ?" ಎಂದು ಕೇಳಿದೆ. "ಅಪ್ಪ ಘಟ್ಟದಲ್ಲಿ ವಾಂತಿ ಮಾಡಿದ್ರು ಸರ್" ಎಂದು ಬಿದ್ದು ಬಿದ್ದು ನಕ್ಕಳು. ಕಡಲಿನ ಮೇಲೆ ವಾರಗಟ್ಟಲೆ ತೂಗಿದರೂ ಏನೂ ಆಗದ ಮನುಷ್ಯ!

ಆ ಸಂಜೆಯ ನಂತರ ನಮ್ಮ ಶಾಲೆಯ ಪ್ರವಾಸ ಗಿಡ್ಡವಾಗಿದೆ. ಕಳೆದ ಸಲ ಮೂವತ್ತು ಕಿಲೋಮೀಟರ್ ಆಚೆಯ ಹೊನ್ನಾವರ ಎಂದಾಗ ಪಾಲಕರ ಸಭೆಯಲ್ಲಿ ಗುಸುಗುಸು ಎದ್ದಿತು. "ಅಲ್ಲಿಗೆ ಪ್ರವಾಸ ಯಾಕೆ ಮಾಸ್ತರ್ರೇ, ಸಂತೆಗೆ ಹೋದ ಹಾಗೆ ಆಗ್ತದೆ" ಎಂದರು ಒಬ್ಬರು. ಮಕ್ಕಳ ಮುಖವೂ ಸಣ್ಣದಾಯಿತು. ಆದರೂ ಹೋದೆವು. ಕಾಂಡ್ಲಾ ಕಾಡಿನ ಮರದ ಹಾದಿಯಲ್ಲಿ ನಡೆದು, ಬೇರುಗಳು ಕೆಸರಿನಿಂದ ಮೇಲಕ್ಕೆ ಮೂಗು ಚಾಚಿ ಉಸಿರಾಡುವುದನ್ನು ನೋಡಿದೆವು. ಊಟವಾದ ಮೇಲೆ ಶರಾವತಿಯ ದಂಡೆಯಲ್ಲಿ ಕುಳಿತೆವು. ಎದುರಿಗೆ ರೈಲು ಸೇತುವೆ. ಕೊಂಕಣ ರೈಲು ಮಾರ್ಗದಲ್ಲೇ ಅತಿ ಉದ್ದದ್ದು, 2,065 ಮೀಟರ್. ರೈಲು ಬರುವುದನ್ನು ಕಾಯ್ದು ಅದರ ವೇಗ ಕಂಡುಹಿಡಿಯಿರಿ ಎಂದು ನನ್ನ ಮೊಬೈಲು ಅವರ ಕೈಗೆ ಕೊಟ್ಟೆ.

ಮುಕ್ಕಾಲು ಗಂಟೆ ಯಾರೂ ಅಲ್ಲಾಡಲಿಲ್ಲ. ಕೊನೆಗೆ ಮಂಕಿಯ ಕಡೆಯಿಂದ ಒಂದು ರೈಲು ಬಂತು. ಇಂಜಿನ್ ಸೇತುವೆ ಹತ್ತಿದ್ದರಿಂದ ಇಳಿಯುವವರೆಗೆ ಒಂದು ನಿಮಿಷ ನಲವತ್ತು ಸೆಕೆಂಡು ಎಂದರು ಕೆಲವರು. ಗಂಟೆಗೆ 74 ಕಿಲೋಮೀಟರ್. ಇಲ್ಲ, ಕೊನೆಯ ಡಬ್ಬಿ ಇಳಿಯುವವರೆಗೆ ಎಣಿಸಬೇಕು, ಆಗ ರೈಲಿನ ಉದ್ದವನ್ನೂ ಕೂಡಿಸಬೇಕು ಎಂದು ಆ ಬೋಟಿನವರ ಮಗಳು ಹಟ ಹಿಡಿದಳು. ರೈಲಿನ ಉದ್ದ ಯಾರಿಗೆ ಗೊತ್ತು? ಡಬ್ಬಿ ಎಣಿಸಿದವರು ಯಾರೂ ಇರಲಿಲ್ಲ. ಇನ್ನೊಂದು ರೈಲು ಬರುವವರೆಗೆ ಕೂರೋಣ ಸರ್ ಎಂದರು. ಬಸ್ಸಿನವನು ಹಾರ್ನ್ ಹೊಡೆಯುತ್ತಲೇ ಇದ್ದ.