ಬಿಡುವಿಲ್ಲದವಳ ಕೋಣೆಗೊಂದು ಟಿವಿ

ಮನೆಗೆ ಟಿವಿ ಬೇಕೇ ಬೇಡವೇ ಎಂಬುದು ನಮ್ಮ ಮೊಹಲ್ಲಾಗಳಲ್ಲಿ ಒಂದು ಕಾಲಕ್ಕೆ ದೊಡ್ಡ ವಾದದ ವಿಷಯವಾಗಿತ್ತು. ಜುಮ್ಮಾ ದಿನ ಅದರ ವಿರುದ್ಧ ಬಯಾನ್ ಕೇಳಿ ಬಂದವರೇ ಸಂಜೆ ಪಕ್ಕದ ಮನೆಯ ಕಿಟಕಿಗೆ ಆತು ನಿಂತು ಕ್ರಿಕೆಟ್ ನೋಡುತ್ತಿದ್ದರು. ಟಿವಿ ತಂದವರು ಅದಕ್ಕೊಂದು ಕಸೂತಿ ಹಾಕಿದ ಬಟ್ಟೆ ಹೊದಿಸುತ್ತಿದ್ದರು. ಅಜಾನ್ ಕೇಳಿದೊಡನೆ ದನಿ ಇಳಿಸುತ್ತಿದ್ದರು. ರಮಜಾನ್ ಬಂತೆಂದರೆ ಕೆಲವರು ಆ ಬಟ್ಟೆಯನ್ನು ಈದ್‌ವರೆಗೂ ತೆಗೆಯುತ್ತಿರಲಿಲ್ಲ. ಆ ವಾದವನ್ನು ಯಾರೂ ಗೆಲ್ಲಲಿಲ್ಲ, ಅದು ತಾನಾಗಿಯೇ ಮುಗಿದುಹೋಯಿತು. ಈಗ ಎಲ್ಲರ ಜೇಬಿನಲ್ಲೂ ಒಂದೊಂದು ಪರದೆ ಇದೆ, ಅದಕ್ಕೆ ಬಟ್ಟೆ ಹೊದಿಸುವವರು ಯಾರೂ ಇಲ್ಲ.

ಹೀಗಿರುವಾಗ ಹೋದ ಚಳಿಗಾಲದಲ್ಲಿ ಅದೇ ಪ್ರಶ್ನೆ ಬೇರೆ ವೇಷದಲ್ಲಿ ನನ್ನ ಮುಂದೆ ಬಂತು. ಮಾನ್ವಿಯಲ್ಲಿರುವ ಆಪಾ ಫೋನು ಮಾಡಿ, "ಚೀಟಿ ದುಡ್ಡು ಬಂದಿದೆ. ಹುಡುಗಿಯ ಕೋಣೆಗೆ ಒಂದು ಟಿವಿ ಕೊಡಿಸೋಣ ಅಂತ ಇದ್ದೀನಿ. ನೀನು ಆ ಕಡೆ ಹೋಗೋನಿದ್ದೀಯಲ್ಲ, ನೋಡಿ ಹೇಳು, ಬೇಕೋ ಬೇಡವೋ" ಎಂದರು.

ಹುಡುಗಿ ಎಂದರೆ ಅವರ ಮಗಳು, ನನ್ನ ಭಾಂಜಿ. ಎಂಬಿಬಿಎಸ್ ಮುಗಿಸಿ, ನೀಟ್ ಪಿಜಿ ಎಂಬ ಗೋಡೆ ಹತ್ತಿ ಇಳಿದು, ದೂರದ ಊರೊಂದರ ಆಸ್ಪತ್ರೆಯಲ್ಲಿ ಜನರಲ್ ಮೆಡಿಸಿನ್ ಎಂಡಿ ಮಾಡುತ್ತಿದ್ದಾಳೆ. ಮೂರು ವರ್ಷದ ಓದು, ಅದರಲ್ಲಿ ಮೊದಲನೆಯದು. ಓದು ಎಂದು ಕರೆಯುವುದು ರೂಢಿ, ಆದರೆ ಅದು ಹಗಲು ರಾತ್ರಿಯ ದುಡಿಮೆ. ಹಾಸ್ಟೆಲಿನಲ್ಲಿ ಜಾಗ ಸಿಗದೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಮಹಡಿಯ ಮೇಲಿನ ಒಂದು ಕೋಣೆ ಬಾಡಿಗೆ ಹಿಡಿದು ಒಬ್ಬಳೇ ಇದ್ದಾಳೆ. "ಬೀಗ ತೆಗೆದು ಒಳಗೆ ಹೋದರೆ ಗೋಡೆ ಬಿಟ್ಟರೆ ಯಾರಿದ್ದಾರೆ ಅವಳಿಗೆ? ಟಿವಿಯಾದರೂ ಮಾತಾಡ್ತಾ ಇರಲಿ" ಎಂಬುದು ಆಪಾ ಅವರ ವಾದ. ತೆಗೆದುಹಾಕುವಂಥ ವಾದವಲ್ಲ ಅದು. 32 ಇಂಚಿನ ಟಿವಿ ಈಗ 10-15 ಸಾವಿರ ರೂಪಾಯಿಗೆ ಸಿಗುತ್ತದೆ, ಕರೆಂಟೂ ಹೆಚ್ಚು ತಿನ್ನುವುದಿಲ್ಲ. ಒಬ್ಬ ತಾಯಿಯ ನೆಮ್ಮದಿಗೆ ಇದು ದುಬಾರಿ ಬೆಲೆಯೇನಲ್ಲ.

ನಾನು ಹೋದ ದಿನ ಅವಳ ಯೂನಿಟ್ಟಿನ ಅಡ್ಮಿಷನ್ ಡೇ. ಅಂದರೆ ಆ ದಿನ ಬರುವ ಹೊಸ ರೋಗಿಗಳೆಲ್ಲ ಅವರ ಪಾಲಿಗೆ. ಕೀಲಿಯನ್ನು ಕೆಳಗಿನ ಮನೆಯವರ ಹತ್ತಿರ ಕೊಟ್ಟು ಬೆಳಿಗ್ಗೆ 7ಕ್ಕೇ ಹೋಗಿದ್ದಳು. ಕೋಣೆಯಲ್ಲಿ ಒಂದು ಮಂಚ, ಒಂದು ಪ್ಲಾಸ್ಟಿಕ್ ಕುರ್ಚಿ, ನೀರು ಕಾಯಿಸುವ ಕೆಟಲ್, ಮೇಜಿನ ಮೇಲೆ ಹ್ಯಾರಿಸನ್ ಪುಸ್ತಕದ ಎರಡು ದಪ್ಪ ಸಂಪುಟಗಳು. ಪೂರ್ವಕ್ಕೊಂದು ಕಿಟಕಿ, ಅದಕ್ಕೆ ಪರದೆಯೇ ಇಲ್ಲ. ಟಿವಿ ಎಲ್ಲಿ ಇಡಬಹುದು ಎಂದು ಗೋಡೆ ನೋಡುತ್ತಾ ಕುಳಿತೆ. ಸಂಜೆಯಾಯಿತು, ರಾತ್ರಿಯಾಯಿತು, ಮತ್ತೆ ಬೆಳಗಾಯಿತು. ಅವಳು ಮೆಟ್ಟಿಲು ಹತ್ತಿ ಬಂದಾಗ ಮರುದಿನ ಮಧ್ಯಾಹ್ನ 3 ಗಂಟೆ. ಲೆಕ್ಕ ಹಾಕಿದರೆ 32 ಗಂಟೆ. ಟಿವಿಯ ಇಂಚೂ ಅಷ್ಟೇ, ಅವಳ ಡ್ಯೂಟಿಯ ಗಂಟೆಯೂ ಅಷ್ಟೇ. ಆ ಕೋಣೆಯಲ್ಲಿ ಟಿವಿ ಇದ್ದಿದ್ದರೆ ಅಷ್ಟೂ ಹೊತ್ತು ಅದನ್ನು ನೋಡುತ್ತಿದ್ದವನು ನಾನೊಬ್ಬನೇ.

ಕೈಕಾಲು ತೊಳೆದು ಬಂದು, ಆಪಾ ಕಟ್ಟಿಕೊಟ್ಟಿದ್ದ ಜೋಳದ ರೊಟ್ಟಿ ಮುಂದಿಟ್ಟುಕೊಂಡಳು. ಫೋನನ್ನು ಹ್ಯಾರಿಸನ್‌ಗೆ ಆನಿಸಿ ಯಾವುದೋ ಹಳೆಯ ಹಾಸ್ಯ ಧಾರಾವಾಹಿ ಹಚ್ಚಿದಳು.

"ಇದು ಹಳೇದಲ್ಲವಾ ಬೇಟಿ?" ಎಂದೆ.

"ಹೌದು ಮಾಮು, ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ."

"ಹೊಸದೇನಾದರೂ ನೋಡಬಾರದಾ?"

"ಹೊಸದರಲ್ಲಿ ಮುಂದೇನಾಗುತ್ತೋ ಅಂತ ಇರುತ್ತಲ್ಲ, ಅದು ಬೇಡ. ಅದು ವಾರ್ಡಿನಲ್ಲಿ ಬೇಕಾದಷ್ಟಿದೆ. ಇದರಲ್ಲಿ ಯಾರೂ ಸಾಯಲ್ಲ ಅಂತ ನನಗೆ ಗೊತ್ತು."

ಕಥೆ ಬರೆಯುವವನಾದ ನಾನು ಸುಮ್ಮನಾದೆ. ಮುಂದೇನಾಯಿತು ಎಂಬ ಕುತೂಹಲವನ್ನೇ ಬಂಡವಾಳ ಮಾಡಿಕೊಂಡವರು ನಾವು. ಆ ಕುತೂಹಲವೇ ಒಬ್ಬಳಿಗೆ ದಣಿವಾಗಿರಬಹುದು ಎಂದು ನಮಗೆ ಹೊಳೆಯುವುದಿಲ್ಲ.

ಅರ್ಧ ರೊಟ್ಟಿ ತಿನ್ನುವಷ್ಟರಲ್ಲಿ ಧಾರಾವಾಹಿ ನಿಂತಿತು. ವಾರ್ಡಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರದೋ ಪೊಟ್ಯಾಸಿಯಂ ವರದಿ ಬಂದಿತ್ತು. ಎಡಗೈಯಲ್ಲಿ ಉತ್ತರ ಬರೆದಳು. ಮತ್ತೆ ಹಚ್ಚಿದಳು, ಮತ್ತೆ ನಿಂತಿತು. ಟಿವಿಯ ಪರವಾಗಿ ಒಂದು ಒಳ್ಳೆಯ ವಾದ ನನಗೆ ಸಿಕ್ಕಿದ್ದು ಆಗಲೇ. ಫೋನು ಮನರಂಜನೆಯ ಪೆಟ್ಟಿಗೆಯೂ ಹೌದು, ಆಸ್ಪತ್ರೆಯ ಗಂಟೆಯೂ ಹೌದು. ಒಂದನ್ನು ತೆರೆದರೆ ಇನ್ನೊಂದೂ ತೆರೆದುಕೊಳ್ಳುತ್ತದೆ. ಟಿವಿಗೆ ಆ ಚಾಳಿಯಿಲ್ಲ. ಅದು ನಿಮ್ಮಿಂದ ಉತ್ತರ ಕೇಳುವುದಿಲ್ಲ, ನೀವು ಸಂದೇಶ ನೋಡಿದಿರಿ ಎಂದು ಯಾರಿಗೂ ಚಾಡಿ ಹೇಳುವುದಿಲ್ಲ. ಆ ಮಟ್ಟಿಗೆ ಅದು ಸಂಭಾವಿತ ಯಂತ್ರ.

ಆದರೆ ಎದುರು ವಾದವೂ ಅಷ್ಟೇ ಗಟ್ಟಿ. ನಮ್ಮ ಬಾಲ್ಯದ ದೂರದರ್ಶನ ರಾತ್ರಿಯಾದರೆ ತಾನೇ ಅಂಗಡಿ ಮುಚ್ಚುತ್ತಿತ್ತು, ಪರದೆಯ ಮೇಲೆ ಚುಕ್ಕಿಗಳು ಸುರಿಯತೊಡಗಿದರೆ ಎದ್ದು ಮಲಗುವುದೊಂದೇ ದಾರಿ. ಇಂದಿನ ಟಿವಿ ಒಂದು ಕಂತು ಮುಗಿದೊಡನೆ ಕೇಳದೆಯೇ ಮುಂದಿನ ಕಂತು ಬಡಿಸುತ್ತದೆ. ಊಟ ಸಾಕೆಂದವರ ತಟ್ಟೆಗೆ ಬಿರಿಯಾನಿ ಸುರಿಯುವ ಮದುವೆ ಮನೆಯವರ ಹಾಗೆ. ನಿದ್ದೆಗೆ ಮೀಸಲಾದ ಐದು ಗಂಟೆಯಲ್ಲಿ ಒಂದನ್ನು ಅದು ತಿಂದರೆ, ನಷ್ಟ ಅವಳಿಗೆ ಮಾತ್ರವಲ್ಲ, ಮರುದಿನ ಅವಳ ಮುಂದೆ ಮಲಗುವ ರೋಗಿಗೂ ಹೌದು.

ಇದು ಸುಮ್ಮನೆ ಹೇಳುವ ಮಾತಲ್ಲ. 17 ಗಂಟೆ ಎಡೆಬಿಡದೆ ಎಚ್ಚರವಿದ್ದವರ ಕೈ-ಕಣ್ಣುಗಳ ಹೊಂದಾಣಿಕೆ ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯವಿದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲಿ ವಿಜ್ಞಾನಿಗಳು ತೋರಿಸಿದರು. ನಮ್ಮ ದೇಶದಲ್ಲಿ ಶೇಕಡಾ 0.03 ದಾಟಿದವರು ವಾಹನ ಓಡಿಸಿದರೆ ಪೊಲೀಸರು ಹಿಡಿಯುತ್ತಾರೆ. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 24 ಗಂಟೆಗೂ ಮೀರಿದ ಪಾಳಿಗಳಲ್ಲಿ ದುಡಿದ ಕಿರಿಯ ವೈದ್ಯರು, ಕಡಿಮೆ ಗಂಟೆಯ ಪಾಳಿಯವರಿಗಿಂತ ಶೇಕಡಾ 36ರಷ್ಟು ಹೆಚ್ಚು ಗಂಭೀರ ತಪ್ಪುಗಳನ್ನು ಮಾಡಿದ್ದು ಕಂಡುಬಂತು. ಅದಕ್ಕೂ ಮೊದಲು, 1984ರಲ್ಲಿ, ನ್ಯೂಯಾರ್ಕಿನ ಆಸ್ಪತ್ರೆಯೊಂದಕ್ಕೆ ಜ್ವರವೆಂದು ಬಂದ ಲಿಬಿ ಜಿಯಾನ್ ಎಂಬ 18 ವರ್ಷದ ಹುಡುಗಿ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ಅವಳ ತಂದೆ ಪತ್ರಕರ್ತ. ಆತ ಬಿಡದೆ ಹೋರಾಡಿದ್ದರಿಂದ ಕಿರಿಯ ವೈದ್ಯರ ದಣಿವು ಮೊದಲ ಬಾರಿಗೆ ಸಾರ್ವಜನಿಕ ಚರ್ಚೆಗೆ ಬಂತು. 1989ರಲ್ಲಿ ನ್ಯೂಯಾರ್ಕ್ ರಾಜ್ಯವೂ 2003ರಲ್ಲಿ ಇಡೀ ಅಮೆರಿಕವೂ ವಾರಕ್ಕೆ 80 ಗಂಟೆಯ ಮಿತಿ ಹಾಕಿದವು.

ನಮ್ಮಲ್ಲಿಯೂ ಕಾಗದಕ್ಕೆ ಬರವಿಲ್ಲ. 1992ರ ಜೂನ್‌ನಲ್ಲಿ ಕೇಂದ್ರ ಸರಕಾರ ಹೊರಡಿಸಿದ ರೆಸಿಡೆನ್ಸಿ ಯೋಜನೆಯ ನಿರ್ದೇಶನದಲ್ಲಿ, ತುರ್ತು ಸಂದರ್ಭ ಬಿಟ್ಟರೆ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು ಎಂದಿದೆ. ನನ್ನ ಭಾಂಜಿ ಹುಟ್ಟುವ ಮೊದಲೇ ಬಂದ ಆದೇಶ ಅದು. 2023ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮಗಳು 'ಸಮಂಜಸವಾದ' ದುಡಿಮೆಯ ಅವಧಿ, ವಿಶ್ರಾಂತಿ, ವಾರಕ್ಕೊಂದು ರಜೆ ಎಂದವು. ಸಮಂಜಸ ಎಂದರೆ ಎಷ್ಟು ಗಂಟೆ ಎಂದು ಮಾತ್ರ ಹೇಳಲಿಲ್ಲ. 2024ರಲ್ಲಿ ಆಯೋಗವೇ ರಚಿಸಿದ್ದ ಮಾನಸಿಕ ಆರೋಗ್ಯ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರದಿರಲಿ ಎಂದು ಸಲಹೆ ಕೊಟ್ಟಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಕೋಲ್ಕತ್ತಾದ ಆಸ್ಪತ್ರೆಯಲ್ಲಿ, ರಾತ್ರಿ ಡ್ಯೂಟಿಯ ನಡುವೆ ಸೆಮಿನಾರ್ ಕೊಠಡಿಯಲ್ಲಿ ವಿಶ್ರಾಂತಿಗೆಂದು ಹೋದ ಪಿಜಿ ವೈದ್ಯೆಯ ಅತ್ಯಾಚಾರ, ಕೊಲೆ ನಡೆಯಿತು. ಅಂದಿನಿಂದ ಆಪಾಗೆ ರಾತ್ರಿ ನಿದ್ದೆ ಸರಿಯಾಗಿ ಬರುವುದಿಲ್ಲ. ಟಿವಿಯ ಮಾತಿನ ಹಿಂದೆ ಈ ಭಯವೂ ಇತ್ತು ಎಂದು ನನಗೆ ಗೊತ್ತು.

ಟಿವಿ ಒಂಟಿತನಕ್ಕೆ ಮದ್ದೇ? ಅಬ್ಬಾ ಹೇಳುತ್ತಿದ್ದ ಸಂಗತಿಯೊಂದು ನೆನಪಾಗುತ್ತದೆ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದಿಂದ ಎರವಲು ಬಂದ ಉಪಗ್ರಹದ ಮೂಲಕ ಭಾರತದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ತೋರಿಸುವ 'ಸೈಟ್' ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ನಮ್ಮ ರಾಯಚೂರು, ಗುಲ್ಬರ್ಗಾ, ವಿಜಾಪುರ ಜಿಲ್ಲೆಗಳನ್ನು. ಅಬ್ಬಾ ಆಗ ಹಳ್ಳಿಯ ಶಾಲೆಯಲ್ಲಿ ಮಾಸ್ತರು. ಕೋಳಿ ಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಬುಟ್ಟಿಯಂಥ ಆಂಟೆನಾ, ಊರಿಗೆಲ್ಲ ಸೇರಿ ಒಂದೇ ಟಿವಿ. ಸಂಜೆಯಾದರೆ ಗೌಡರೂ ಬರುತ್ತಿದ್ದರಂತೆ, ಪಿಂಜಾರರೂ ಬರುತ್ತಿದ್ದರಂತೆ, ಬಾಣಂತಿಯರು ಕೂಸು ಎತ್ತಿಕೊಂಡು ಹಿಂದೆ ನಿಲ್ಲುತ್ತಿದ್ದರಂತೆ. ಒಂದು ವರ್ಷವಾದ ಮೇಲೆ ಪ್ರಸಾರ ನಿಂತಿತು. ಆದರೂ ಕೆಲವು ದಿನ ಜನ ಬಂದು ಆ ಕಪ್ಪು ಪೆಟ್ಟಿಗೆಯ ಮುಂದೆ ಕುಳಿತು ಹರಟೆ ಹೊಡೆದು ಹೋಗುತ್ತಿದ್ದರು ಎಂದು ಅಬ್ಬಾ ನಗುತ್ತಿದ್ದರು. ಟಿವಿಯಿಂದ ಒಂಟಿತನ ಕಳೆಯುತ್ತದೆ ಎಂಬ ನಮ್ಮ ನಂಬಿಕೆ ಹುಟ್ಟಿದ್ದು ಇಂಥ ಕಡೆ. ಆದರೆ ಅಲ್ಲಿ ಒಂಟಿತನ ಕಳೆದದ್ದು ಟಿವಿಯಲ್ಲ, ಪಕ್ಕದಲ್ಲಿ ಕುಳಿತವರ ಮೈಶಾಖ. ಮಹಡಿಯ ಕೋಣೆಯ ಟಿವಿಗೆ ಆ ಬರಕತ್ ಎಲ್ಲಿಂದ ಬರಬೇಕು?

ಉರ್ದುವಿನಲ್ಲಿ 'ಫುರ್ಸತ್' ಎನ್ನುತ್ತೇವೆ. ಅದರಲ್ಲಿ ಅವಕಾಶ, ಸಂದರ್ಭ ಎಂಬ ಅರ್ಥವೂ ಇದೆ, ಸಿಕ್ಕಾಗ ಹಿಡಿದುಕೊಳ್ಳಬೇಕಾದದ್ದು ಅದು. ಕನ್ನಡದ 'ಬಿಡುವು' ಹಾಗಲ್ಲ, ಅದರ ಬೇರು 'ಬಿಡು' ಎಂಬಲ್ಲಿದೆ. ಯಾರೋ ನಿಮ್ಮನ್ನು ಬಿಡಬೇಕು, ನೀವೂ ಏನನ್ನೋ ಬಿಡಬೇಕು. ನನ್ನ ಭಾಂಜಿಗೆ ಫುರ್ಸತ್ ಆಗೀಗ ಸಿಗುತ್ತದೆ, ರೊಟ್ಟಿ ತಿನ್ನುವ 15 ನಿಮಿಷದಷ್ಟು. ಬಿಡುವು ಸಿಗುವುದಿಲ್ಲ. ಆಸ್ಪತ್ರೆ ಅವಳನ್ನು ಬಿಡುವುದಿಲ್ಲ, ಸತ್ತುಹೋದ ರೋಗಿಯ ಮುಖವನ್ನು ಅವಳೂ ಬಿಡಲಾರಳು. ಟಿವಿಯಿಂದ ಫುರ್ಸತ್ತನ್ನು ತುಂಬಬಹುದು, ಬಿಡುವನ್ನು ಕೊಡಲಾಗುವುದಿಲ್ಲ.

ಆದರೆ ತೀರ್ಮಾನ ನನ್ನದಾಗಬಾರದು. ನಿದ್ದೆ ಮಾಡಿ ಎದ್ದ ಮೇಲೆ ಅವಳನ್ನೇ ಕೇಳಿದೆ: "ನಿನ್ನ ಅಮ್ಮಿ ಟಿವಿ ಕೊಡಿಸ್ತಾರಂತೆ. ನಿನಗೇನು ಬೇಕು?"

ತುಸು ಹೊತ್ತು ಯೋಚಿಸಿದಳು. "ಕಿಟಕಿಗೆ ದಪ್ಪನೆಯ ಪರದೆ ಬೇಕು ಮಾಮು. ನೈಟ್ ಮುಗಿಸಿ ಬಂದು ಹಗಲು ಮಲಗೋಕೆ ಆಗಲ್ಲ, ಬಿಸಿಲು ಮುಖಕ್ಕೇ ಬರುತ್ತೆ." ಆಮೇಲೆ ದನಿ ತಗ್ಗಿಸಿ ಹೇಳಿದಳು: "ಅಮ್ಮಿ ತಿಂಗಳಿಗೊಮ್ಮೆ ಬಂದು ಎರಡು ದಿನ ಇರಲಿ. ಮಾತಾಡದಿದ್ದರೂ ಪರವಾಗಿಲ್ಲ. ನಾನು ಬಂದಾಗ ಬೀಗ ನಾನೇ ತೆಗೀಬಾರದು. ಒಳಗಿಂದ ಯಾರಾದರೂ ಬಾಗಿಲು ತೆಗೀಬೇಕು, ಅಷ್ಟೇ."

ಇದನ್ನು ಎಲ್ಲ ಕಿರಿಯ ವೈದ್ಯರಿಗೂ ಅನ್ವಯಿಸುವ ಫತ್ವಾ ಎಂದು ಯಾರೂ ತಿಳಿಯಬೇಕಿಲ್ಲ. ವಾರಕ್ಕೊಂದು ರಜೆ ನಿಜವಾಗಿಯೂ ಸಿಗುವವರು, ನಾಲ್ಕು ಗೆಳೆಯರು ಸೇರಿ ಪಂದ್ಯ ನೋಡುವವರು, ಫೋನನ್ನು ಕಪಾಟಿನಲ್ಲಿಟ್ಟು ಒಂದು ಸಿನೆಮಾ ನೋಡಿ ಹಗುರಾಗುವವರು ಸಂತೋಷದಿಂದ ಟಿವಿ ಕೊಳ್ಳಲಿ. ಕೊಳ್ಳುವ ಮೊದಲು ಒಂದು ವಾರ, ಮನೆಯಲ್ಲಿ ಕಣ್ಣು ಬಿಟ್ಟುಕೊಂಡು ಕುಳಿತ ಹೊತ್ತೆಷ್ಟು ಎಂದು ಚೀಟಿಯಲ್ಲಿ ಬರೆದಿಟ್ಟರೆ ಸಾಕು. ಅಂಗಡಿಯವನಿಗಿಂತ ಆ ಚೀಟಿ ಹೆಚ್ಚು ಪ್ರಾಮಾಣಿಕವಾಗಿ ಉತ್ತರ ಹೇಳುತ್ತದೆ.

ಅಂದೇ ಸಂಜೆ ಪೇಟೆಗೆ ಹೋಗಿ ನೀಲಿ ಬಣ್ಣದ ದಪ್ಪ ಪರದೆ ತಂದು ಹಾಕಿದೆ. ಆಪಾಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, "ಮಾನ್ವಿಯಿಂದ ರಾತ್ರಿ ಬಸ್ಸು ಎಷ್ಟೊತ್ತಿಗಿದೆ?" ಎಂದು ಕೇಳಿದರು. ಈಗ ಚೀಟಿ ದುಡ್ಡು ಬಸ್ ಟಿಕೆಟ್‌ಗಳಾಗಿ ಕರಗುತ್ತಿದೆ. ಆದರೆ ತಾಯಿಯೊಬ್ಬಳು ಬಾಗಿಲು ತೆಗೆಯುವುದು ತಿಂಗಳಿಗೆ ಎರಡು ದಿನ. ಉಳಿದ ದಿನಗಳ ಲೆಕ್ಕ 1992ರ ಆ ಕಾಗದದಲ್ಲಿದೆ. ಅದನ್ನು ಯಾರಾದರೂ ಓದಿ ಜಾರಿಗೆ ತಂದ ದಿನ, 32 ಇಂಚಿನದಲ್ಲ, ಅದಕ್ಕಿಂತ ದೊಡ್ಡ ಟಿವಿಯನ್ನೇ ನಾನು ಹೊತ್ತುಕೊಂಡು ಆ ಮೆಟ್ಟಿಲು ಹತ್ತುತ್ತೇನೆ.